ಅಚ್ಚಿನಲ್ಲಿ ಉಳಿದಿದ್ದ ಪದ

ಸೇನೆಯ ಪ್ರಕಟಣೆಯಲ್ಲಿ ಇದ್ದದ್ದು ನಾಲ್ಕೇ ಸಾಲು. ಗಡಿಯ ಮುಂಚೂಣಿ ನೆಲೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಬೆಂಗಳೂರಿನ ಹವಾಲ್ದಾರರೊಬ್ಬರು ಶೆಲ್ ಸಿಡಿದು ಮೃತಪಟ್ಟಿದ್ದಾರೆ. ಪಾರ್ಥಿವ ಶರೀರ ನಾಳೆ ಬೆಳಿಗ್ಗೆ ವಿಮಾನದಲ್ಲಿ ಬರಲಿದೆ. ಕುಟುಂಬ ಅದೇ ನಗರದ ಉಲ್ಲಾಳ ಬಡಾವಣೆಯಲ್ಲಿದೆ. ಸೇನೆ ಸಂತಾಪ ಸೂಚಿಸುತ್ತದೆ.

ಗಡಿಯಲ್ಲಿ ಆಗ ಆರು ದಿನಗಳಿಂದ ಎರಡೂ ಕಡೆಯಿಂದ ಶೆಲ್ ಬೀಳುತ್ತಿದ್ದವು. ಮಧ್ಯಾಹ್ನ ಎರಡೂವರೆಗೆ ಪ್ರಕಟಣೆ ಬಂತು. ಮೂರು ಗಂಟೆಗೆ ನಮ್ಮ ಪತ್ರಿಕೆಯ ಜಾಲತಾಣದಲ್ಲಿ ಸುದ್ದಿ ಇತ್ತು: ‘ಶತ್ರುಗಳ ಶೆಲ್ ದಾಳಿಗೆ ನಗರದ ಯೋಧ ಬಲಿ’. ಅದನ್ನು ನೋಡಿ ಬಿಡುಗಡೆ ಮಾಡಿದವಳು ನಾನು. ನಗರ ಪುಟಗಳ ಮುಖ್ಯ ಉಪಸಂಪಾದಕಿ. ಶೀರ್ಷಿಕೆ ಅಂಕಣದಲ್ಲಿ ಕೂರುತ್ತದೆಯೇ, ವಯಸ್ಸು ಊರು ಸರಿಯಿದೆಯೇ ಎಂದು ನೋಡಿದೆ. ಬೇರೇನೂ ನೋಡಲಿಲ್ಲ. ಅಂದು ಇನ್ನೂ ನಾಲ್ಕು ಪುಟ ಬಾಕಿ ಇದ್ದವು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಚೇರಿಯಲ್ಲಿ ಕೆಲವು ಪುಟಗಳು ಯಾವಾಗಲೂ ಸಿದ್ಧವಾಗಿರುತ್ತವೆ. ಬಜೆಟ್‌ಗೆ ಒಂದು, ಪರೀಕ್ಷಾ ಫಲಿತಾಂಶಕ್ಕೆ ಒಂದು, ಯೋಧರ ಸಾವಿಗೆ ಒಂದು. ನಾವು ಅದನ್ನು ಅಚ್ಚು ಎನ್ನುತ್ತೇವೆ. ಯೋಧರ ಅಚ್ಚಿನಲ್ಲಿ ಮೇಲೆ ಕಪ್ಪು ಪಟ್ಟಿ, ಎಡಕ್ಕೆ ಮೂರು ಅಂಕಣದ ಭಾವಚಿತ್ರದ ಜಾಗ, ಕೆಳಗೆ ಅಂತಿಮಯಾತ್ರೆಯ ಚಿತ್ರದ ಜಾಗ. ವರದಿಯ ಕೆಲವು ವಾಕ್ಯಗಳೂ ಅಲ್ಲೇ ನಿಂತಿರುತ್ತವೆ. ಹೆಸರು, ಊರು, ವಯಸ್ಸು, ಬಿಟ್ಟು ಹೋದವರು, ಇಷ್ಟು ತುಂಬಿದರೆ ಪುಟ ಆಗುತ್ತದೆ. ಹತ್ತು ನಿಮಿಷದ ಕೆಲಸ.

ಮರುದಿನ ನಮ್ಮ ಪಶ್ಚಿಮ ಭಾಗದ ವರದಿಗಾರ ಉಲ್ಲಾಳಕ್ಕೆ ಹೋದ. ವಿಜಯನಗರದಲ್ಲೇ ಹುಟ್ಟಿ ಬೆಳೆದ ಹುಡುಗ, ಆರು ವರ್ಷದ ಅನುಭವ. ಜನ ಬಸ್ ನಿಲ್ದಾಣದಿಂದ ಬಡಾವಣೆಯ ಕೊನೆಯ ರಸ್ತೆಯವರೆಗೆ ನಿಂತಿದ್ದರು. ಅವನಿಗೆ ಸಮಾಧಿಯ ಹತ್ತಿರ ಹೋಗಲು ಆಗಲಿಲ್ಲ. ಇನ್ನೂರು ಅಡಿ ದೂರದಿಂದ ಕುಶಾಲುತೋಪಿನ ಸದ್ದು ಕೇಳಿ, ಫೋನಿನಲ್ಲಿ ಆರು ಸಾಲು ಹೇಳಿದ. ಉಳಿದದ್ದನ್ನು ಅಚ್ಚು ಹೇಳಿತು: ಸಕಲ ಸರ್ಕಾರಿ ಗೌರವಗಳೊಂದಿಗೆ, ಕುಟುಂಬದ ಸಂಪ್ರದಾಯದಂತೆ. ಕುಟುಂಬ ಬಾಗಲಕೋಟೆ ಕಡೆಯ ಲಿಂಗಾಯತರು ಎಂದು ಅವನು ಹೇಳಿದ್ದರಿಂದ ‘ಲಿಂಗಾಯತ ವಿಧಿವಿಧಾನದಂತೆ’ ಎಂದು ನಾನೇ ಬದಲಿಸಿದೆ. ವಿವರ ಸೇರಿಸಿದೆ ಎಂಬ ಸಮಾಧಾನವಿತ್ತು.

ಅಷ್ಟರಲ್ಲಿ ಒಂದು ವಾಹಿನಿ ಗಡಿಯಾಚೆಯಿಂದ ಶೆಲ್ ಹಾರಿ ಬರುವ ಅನಿಮೇಷನ್ ಮಾಡಿತ್ತು. ಶೆಲ್ ಕೆಂಪಗಿತ್ತು. ಅದು ಬಂದು ಬೀಳುವಲ್ಲಿ ಹವಾಲ್ದಾರರ ಮದುವೆಯ ಫೋಟೋದಿಂದ ಕತ್ತರಿಸಿದ ಮುಖ ಇಟ್ಟಿದ್ದರು.

ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹವಾಲ್ದಾರರ ತಂದೆ ಕಚೇರಿಗೆ ಬಂದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ದಾರ ಕಟ್ಟಿದ ರಟ್ಟಿನ ಫೈಲು. ದೀಪಾಂಜಲಿ ನಗರದ ಕಡೆಯ ಬಸ್ ಡಿಪೋ ಒಂದರಲ್ಲಿ ಅಪಘಾತ ವಿಭಾಗದ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೆಂಗಳೂರಿಗೆ ಬಂದು ಮೂವತ್ತೈದು ವರ್ಷವಾದರೂ ಮಾತು ಬಾಗಲಕೋಟೆಯದೇ.

‘ಮೇಡಂನೋರ, ನಾ ಗದ್ಲ ಮಾಡಾಕ ಬಂದಿಲ್ರಿ. ಒಂದ್ ಪ್ರಶ್ನೆ ಕೇಳ್ತೀನಿ, ಉತ್ತರ ಕೊಟ್ರ ಹೋಗ್ತೀನಿ.’

ಫೈಲು ಬಿಚ್ಚಿದರು. ಏಳು ಪತ್ರಿಕೆಗಳ ತುಣುಕುಗಳು, ಜಾಲತಾಣಗಳ ಮುದ್ರಿತ ಪ್ರತಿಗಳು, ಒಂದೊಂದರ ಮೂಲೆಯಲ್ಲೂ ಪ್ರಕಟವಾದ ಗಂಟೆ. ನಮ್ಮದು ಮೂರು ಗಂಟೆ. ಉಳಿದವು ಮೂರೂ ಇಪ್ಪತ್ತು, ಮೂರೂ ನಲವತ್ತು, ನಾಲ್ಕು.

‘ನನ್ನ ಮಗನ ವಯಸ್ಸು ಮೂವತ್ತೊಂದು. ನೀವು ಮೂವತ್ತೆರಡು ಅಂತ ಹಾಕೀರಿ. ನೋಡ್ರಿ, ಎಲ್ಲಾರೂ ಮೂವತ್ತೆರಡ ಹಾಕ್ಯಾರ. ಅಂದ್ರ ಎಲ್ಲಾರೂ ನಿಮ್ಮಿಂದ ತಗೊಂಡಾರ. ಟೈರಿನ ಗುರುತು ಹಿಡಕೊಂಡು ಹಿಂದಕ್ಕ ಹೋದ್ರ ಗಾಡಿ ಸಿಗತೈತಿ. ಸಿಕ್ತು.’

ಕೆಂಪು ಶಾಯಿಯಲ್ಲಿ ಎರಡು ಕಡೆ ಗೆರೆ ಎಳೆದಿದ್ದರು. ಒಂದು ‘ಶತ್ರುಗಳ’ ಎಂಬುದರ ಕೆಳಗೆ. ಇನ್ನೊಂದು ‘ಲಿಂಗಾಯತ ವಿಧಿವಿಧಾನದಂತೆ’ ಎಂಬುದರ ಕೆಳಗೆ.

‘ನಮ್ಮೊಳಗ ಸತ್ತವರನ್ನ ಕುಂಡ್ರಿಸಿ ಮಣ್ಣು ಮಾಡ್ತೀವ್ರಿ. ಪೆಟಗಿ ಬಂದಿತ್ತು, ಮೊಳಿ ಬಡದಿತ್ತು. ತೆರೀಬ್ಯಾಡ್ರಿ ಅಂದ್ರು. ಅಯ್ಯನೋರು ಎರಡ ಸರ್ತಿ ಕೇಳಿದ್ರು, ಜೊತಿಗಿ ಬಂದಿದ್ದ ಸಾಹೇಬ್ರು ಆಗೂದಿಲ್ಲ ಅಂದ್ರು. ಪೆಟಗಿ ಸಮೇತ ಮಲಗಿಸೇ ಹುಗದ್ವಿ. ನೀವು ವಿಧಿ ಪ್ರಕಾರ ಅಂತ ಬರದೀರಿ. ನಿಮ್ಮೋರು ಯಾರ ಬಂದು ನೋಡಿದ್ರು?’

ವರದಿಗಾರ ಮೇಜಿನ ಆಚೆ ಕೂತಿದ್ದ. ತಲೆ ತಗ್ಗಿಸಿ ಫೋನು ನೋಡುತ್ತಿದ್ದ. ಫೋನಿನ ಪರದೆ ಆರಿತ್ತು.

‘ಅದು ಹೋಗ್ಲಿ ಬಿಡ್ರಿ. ಇದು ಹೇಳ್ರಿ.’ ಅವರ ಬೆರಳು ಮೊದಲ ಗೆರೆಯ ಮೇಲೆ ಬಂತು. ‘ನಮ್ಮ ಡಿಪೋದಾಗ ಅಪಘಾತದ ಫಾರಂ ಇತ್ತು. ಏಳನೇ ಕಲಂ, ಕಾರಣ. ಸ್ಥಳಕ್ಕ ಹೋಗಿ ಬರೋಮಟ ಅದರಾಗ ಯಾರೂ ಬರೀಬಾರ್ದು. ಪೆನ್ಸಿಲ್‌ನಾಗ “ಬಾಕಿ” ಅಂತ ಹಾಕಿ ಬಿಡ್ತಿದ್ವಿ. ಡ್ರೈವರ್ ನಮ್ಮ ಮನಷ್ಯಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ನನ್ನ ಮಗನ ಏಳನೇ ಕಲಂ ನೀವು ತುಂಬೀರಿ. ನಿಮಗ ಯಾರ್ ಹೇಳಿದ್ರು?’

ಎರಡು ದಿನ ಸಮಯ ಕೇಳಿದೆ. ಅವರು ಫೈಲಿಗೆ ಮತ್ತೆ ದಾರ ಕಟ್ಟಿ, ಬೆಂಚಿನ ಮೇಲೆ ಇಟ್ಟಿದ್ದ ಛತ್ರಿ ತೆಗೆದುಕೊಂಡು ಹೋದರು.

‘ಅಪ್ಪ ಅಲ್ಲ ಮೇಡಂ, ಆಡಿಟರ್ ಇವರು,’ ಎಂದ ವರದಿಗಾರ. ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ ಎನಿಸಿತು.

ಮೊದಲು ನಮ್ಮ ಗಣಕದ ದಾಖಲೆ ನೋಡಿದೆ. ಪುಟದ ಪ್ರತಿಯೊಂದು ತಿದ್ದುಪಡಿಯೂ ಯಾರ ಲಾಗಿನ್‌ನಿಂದ, ಎಷ್ಟು ಹೊತ್ತಿಗೆ ಆಯಿತು ಎಂಬುದು ಅಲ್ಲಿ ಉಳಿದಿರುತ್ತದೆ. ಆ ದಿನದ ಪುಟದಲ್ಲಿ ಹೆಸರು ಟೈಪ್ ಮಾಡಿದ್ದು ವರದಿಗಾರ. ವಯಸ್ಸು ವರದಿಗಾರ. ‘ನಗರದ’ ಎಂಬುದು ನಾನು. ‘ಶತ್ರುಗಳ ಶೆಲ್ ದಾಳಿಗೆ’ ಎಂಬುದರ ಎದುರು ಯಾರೂ ಇರಲಿಲ್ಲ. ಅಂದು ಅದನ್ನು ಯಾರೂ ಟೈಪ್ ಮಾಡಿರಲಿಲ್ಲ. ಅದು ಅಚ್ಚಿನಲ್ಲೇ ಇತ್ತು.

ಅಚ್ಚಿನ ದಾಖಲೆ ತೆಗೆದೆ. ಅದನ್ನು ಮಾಡಿದ್ದು ಹನ್ನೊಂದು ವರ್ಷದ ಹಿಂದೆ, ನನ್ನ ಲಾಗಿನ್‌ನಿಂದ. ಬೇರೊಂದು ಜಿಲ್ಲೆಯ ಯೋಧರೊಬ್ಬರು ತೀರಿಕೊಂಡ ದಿನ ಕಟ್ಟಿದ ಪುಟ ಚೆನ್ನಾಗಿ ಬಂದಿತ್ತು. ಮುಂದೆ ಬೇಕಾಗುತ್ತದೆಂದು ಹೆಸರು ಅಳಿಸಿ ಉಳಿಸಿಕೊಂಡಿದ್ದೆ. ಅವರ ವಿಷಯದಲ್ಲಿ ಆ ಪದ ನಿಜವಾಗಿತ್ತು, ಪ್ರಕಟಣೆಯಲ್ಲೇ ಹಾಗಿತ್ತು. ಹೆಸರು ಅಳಿಸಿದೆ, ಊರು ಅಳಿಸಿದೆ. ಶತ್ರು ಉಳಿಯಿತು. ಆಮೇಲೆ ಅದೇ ಅಚ್ಚಿನಿಂದ ಹೋದ ಪುಟಗಳನ್ನು ಒಂದೊಂದಾಗಿ ತೆರೆದೆ. ಹಿಮಪಾತದಲ್ಲಿ ಸತ್ತವರೊಬ್ಬರ ಪುಟದಲ್ಲಿ ಯಾರೋ ಜಾಗರೂಕತೆಯಿಂದ ಆ ಪದ ತೆಗೆದಿದ್ದರು. ಆ ಪುಟದಿಂದ ತೆಗೆದಿದ್ದರು, ಅಚ್ಚಿನಿಂದ ಅಲ್ಲ.

ಎರಡನೇ ಕೆಲಸ, ಸೇನೆಯ ವಕ್ತಾರರಿಗೆ ಫೋನು. ಅವರದು ಚಿಕ್ಕ ಉತ್ತರ. ‘ನಮ್ಮ ಪ್ರಕಟಣೆಯಲ್ಲಿ ಏನಿದೆಯೋ ಅಷ್ಟೇ ನಾವು ಹೇಳಿರೋದು. ತನಿಖೆ ನಡೀತಿದೆ. ಇದನ್ನ ನನ್ನ ಹೇಳಿಕೆ ಅಂತ ಹಾಕಬಹುದು. ಇದಕ್ಕಿಂತ ಹೆಚ್ಚು ಬೇಡ.’

‘ಶೆಲ್ ಯಾರದು ಅಂತ...’

‘ಮೇಡಂ, ನಾನು ಯಾರದು ಅಂತ ಹೇಳೇ ಇಲ್ಲ. ನೀವು ಹೇಳಿದ್ದು.’

ನಾನು ಅದನ್ನು ಬರೆದುಕೊಂಡೆ.

ಎರಡು ದಿನ ಬಿಟ್ಟು ತಂದೆ ಬಂದರು. ಗಣಕದಲ್ಲಿ ಕಂಡದ್ದನ್ನು ಇದ್ದ ಹಾಗೆ ಹೇಳಿದೆ. ಹನ್ನೊಂದು ವರ್ಷದ ಹಿಂದಿನ ಲಾಗಿನ್ ನನ್ನದು ಎಂಬುದನ್ನೂ ಹೇಳಿದೆ. ಅವರು ಜೇಬಿನಿಂದ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಮಗನ ಜೊತೆ ಅದೇ ನೆಲೆಯಲ್ಲಿದ್ದ ಒಬ್ಬ ಸೈನಿಕ ಕಳಿಸಿದ್ದು, ಘಟನೆಯ ಮರುದಿನ ಬೆಳಿಗ್ಗೆ ಏಳೂ ನಲವತ್ತಕ್ಕೆ ತೆಗೆದದ್ದು. ಜೊತೆಗೆ ಒಂದೇ ಮಾತು ಬರೆದಿದ್ದ: ಹಿಂದಿನಿಂದ ಬಂತು.

‘ಇವನ ಹೆಸರು ಕೇಳಬ್ಯಾಡ್ರಿ. ಚಿತ್ರ ಹಾಕಬ್ಯಾಡ್ರಿ. ಹಾಕಿದ್ರ ಇವನ ನೌಕರಿ ಹೋಗತೈತಿ. ನಿಮಗ ತೋರಿಸಿದ್ದು, ನಾ ಹುಚ್ಚ ಅಲ್ಲ ಅಂತ ತಿಳೀಲಿ ಅಂತ.’

ಕಲ್ಲುನೆಲದ ಮೇಲೆ ಒಂದು ಕುಳಿ. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬ. ಡಬ್ಬದ ನೆರಳು ಉದ್ದಕ್ಕೆ ಒಂದು ಕಡೆ ಬಿದ್ದಿದೆ. ಕುಳಿಯ ಇನ್ನೊಂದು ಅಂಚಿನಲ್ಲಿ ನೆಲ ಬಾಚಣಿಗೆಯಲ್ಲಿ ಕೆರೆದ ಹಾಗೆ ಗೀರಿದೆ.

ಉಲ್ಲಾಳದಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ನಿವೃತ್ತ ಸುಬೇದಾರರೊಬ್ಬರು ವರದಿಗಾರನಿಗೆ ಪರಿಚಯ. ಫಿರಂಗಿ ದಳದಲ್ಲಿ ಇಪ್ಪತ್ತಾರು ವರ್ಷ ಇದ್ದವರು. ತಂದೆಯ ಒಪ್ಪಿಗೆ ಪಡೆದು, ಅವರನ್ನೇ ಕರೆದುಕೊಂಡು ಮರುದಿನ ಮಧ್ಯಾಹ್ನ ಅಲ್ಲಿಗೆ ಹೋದೆವು. ಸುಬೇದಾರರ ಹುಬ್ಬು, ಮೀಸೆ ಎಲ್ಲ ಹಿಟ್ಟು. ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ನೋಡಿದರು. ಮತ್ತೆ ತೊಟ್ಟಿಯಲ್ಲಿದ್ದ ರಾಗಿ ಹಿಟ್ಟನ್ನು ಅಂಗೈಯಲ್ಲಿ ಸಮ ಮಾಡಿದರು.

‘ನೋಡಿ ಮೇಡಂ, ಮಾರ್ಟರ್ ಶೆಲ್ ಮೇಲಿಂದ ಬೀಳುತ್ತೆ. ಆದ್ರೆ ನೆಟ್ಟಗೆ ಬೀಳಲ್ಲ, ಸ್ವಲ್ಪ ಓರೆ.’ ಬೆರಳನ್ನು ಓರೆಯಾಗಿ ಹಿಟ್ಟಿನೊಳಗೆ ಊರಿದರು. ‘ಅದರ ಬಾಲ, ಅದು ಬಂದ ಕಡೆಗೆ ವಾಲಿರುತ್ತೆ. ಅದರ ಹೊಟ್ಟೆ ಆ ಕಡೆ ನೆಲಕ್ಕೆ ಹತ್ರ. ಸಿಡಿದಾಗ ಚೂರುಗಳು ಆ ಕಡೆ ನೆಲಾನೇ ಗೀರೋದು. ಗೀರು ಎಲ್ಲಿದೆಯೋ, ಬಂದಿದ್ದು ಅಲ್ಲಿಂದ.’

‘ಗಡಿ ಆ ನೆಲೆಯ ಪಶ್ಚಿಮಕ್ಕೆ,’ ಎಂದೆ.

‘ಇದು ಬೆಳಿಗ್ಗೆ ತೆಗೆದ ಫೋಟೋ ಅಂದ್ರಲ್ಲ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುತ್ತೆ. ಗೀರು ಇರೋದು ನೆರಳಿನ ಎದುರು ಕಡೆ.’ ಹಿಟ್ಟಿನ ಮೇಲಿನ ಬೆರಳಿನ ಗುರುತನ್ನು ನೋಡುತ್ತ ನಿಂತರು. ‘ಪೂರ್ವದಿಂದ.’

ಪೂರ್ವಕ್ಕೆ ಇದ್ದದ್ದು ನಮ್ಮವರು.

‘ಆದ್ರೆ ಫೋಟೋ ನೋಡಿ ಪ್ರಮಾಣ ಮಾಡೋಕಾಗಲ್ಲ. ಅಲ್ಲಿಗೆ ಹೋಗಿ ಕಡ್ಡಿ ನೆಟ್ಟು, ದಿಕ್ಸೂಚಿ ಇಟ್ಟು ಅಳೀಬೇಕು. ನಾನ್ ಹೇಳಿದೆ ಅಂತ ಬರೀಬೇಡಿ.’

‘ಹೀಗಾಗೋದು ಉಂಟಾ ಸಾರ್?’ ವರದಿಗಾರ ಕೇಳಿದ.

‘ಆಗುತ್ತಪ್ಪ. ಕತ್ತಲು, ಮಂಜು, ಗಾಬರಿ. ಯಾರೂ ಬಾಯಿ ಬಿಡಲ್ಲ ಅಷ್ಟೇ.’ ಬಾಗಿಲಲ್ಲಿ ಹೆಂಗಸೊಬ್ಬರು ಡಬ್ಬಿ ಹಿಡಿದು ನಿಂತಿದ್ದರು. ಸುಬೇದಾರರು ಹಿಟ್ಟಿನ ಮೇಲಿನ ಗುರುತನ್ನು ಕೈಯಿಂದ ಅಳಿಸಿದರು. ‘ಬನ್ನಿ ಆಂಟಿ, ನಿಮ್ದು ಗೋಧಿನಾ ಜೋಳಾನಾ?’

ನನ್ನ ಕೈಯಲ್ಲಿ ಇದ್ದದ್ದು ಹೆಸರು ಹೇಳಲಾಗದ ಒಬ್ಬ ಸೈನಿಕ, ಪ್ರಕಟಿಸಲಾಗದ ಒಂದು ಚಿತ್ರ, ಪ್ರಮಾಣ ಮಾಡಲು ಒಪ್ಪದ ಸುಬೇದಾರರೊಬ್ಬರು. ಸುದ್ದಿಮನೆಯ ಲೆಕ್ಕದಲ್ಲಿ ಇದು ಸುದ್ದಿಯಲ್ಲ. ಸಂಪಾದಕರ ಕೋಣೆಗೆ ಹೋದಾಗ ನನಗೆ ಅದು ಗೊತ್ತಿತ್ತು.

‘ಒಂದು ವಾಟ್ಸ್ಯಾಪ್ ಫೋಟೋ ಹಿಡ್ಕೊಂಡು ನಮ್ಮೋರೇ ಹೊಡೆದ್ರು ಅಂತ ಬರೆಯೋಕಾಗುತ್ತೇನ್ರಿ? ಅದೂ ಇಂಥ ಟೈಮಲ್ಲಿ?’

‘ಆಗಲ್ಲ ಸಾರ್. ಬರೀಬಾರದು.’

‘ಮತ್ತೆ?’

‘ಶತ್ರು ಅಂತ ಬರೆದಿದ್ದನ್ನ ವಾಪಸ್ ತಗೋಬಹುದು. ಅದಕ್ಕೂ ನಮ್ಮ ಹತ್ರ ಆಧಾರ ಇರಲಿಲ್ಲ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಶತ್ರು ಅಲ್ಲ ಅಂದ್ರೆ ಇನ್ಯಾರು ಅಂತ ಓದೋರೇ ಲೆಕ್ಕ ಹಾಕ್ತಾರೆ. ಗೊತ್ತಲ್ವಾ ನಿಮಗೆ? ನೀವು ಬರೀದೇನೇ ಬರೆದಂಗೆ.’

ಗೊತ್ತಿತ್ತು. ನಾನು ಎರಡು ರಾತ್ರಿಯಿಂದ ಬಿಡಿಸಲಾಗದೆ ಬಿಟ್ಟ ಗಂಟೂ ಅದೇ. ಸುಮ್ಮನಿದ್ದರೆ ಆಧಾರವಿಲ್ಲದ ಮಾತು ದಾಖಲೆಯಾಗಿ ನಿಲ್ಲುತ್ತದೆ. ತಿದ್ದಿದರೆ, ಆಧಾರ ಸಾಲದ ಇನ್ನೊಂದು ಮಾತು ಜನರ ಬಾಯಿಗೆ ಬರುತ್ತದೆ. ಅದರ ಪೆಟ್ಟು ಬೀಳುವುದು ನಮ್ಮ ಮೇಲಲ್ಲ, ಉಲ್ಲಾಳದ ಮನೆಯ ಮೇಲೆ.

‘ಮನೆಯವರನ್ನ ಕೇಳಿ. ಅಪ್ಪನ್ನಲ್ಲ, ಹೆಂಡತೀನ,’ ಎಂದರು ಸಂಪಾದಕರು.

ಹವಾಲ್ದಾರರ ಹೆಂಡತಿ ವಿಜಯನಗರದ ಒಂದು ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆಯ ತಂತ್ರಜ್ಞೆ. ಅಷ್ಟರಲ್ಲಾಗಲೇ ಕೆಲಸಕ್ಕೆ ಹೋಗತೊಡಗಿದ್ದರು. ಸಂಜೆ ಐದೂವರೆಗೆ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಕೆಳಗೆ ಸಿಕ್ಕರು. ಹೆಗಲಲ್ಲಿ ಊಟದ ಚೀಲ. ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತರು.

‘ಮಾವನೋರಿಗೆ ಕಲಂ ಸರಿಯಾಗ್ಬೇಕು ಮೇಡಂ. ನಂಗೆ ಮಗಳಿಗೆ ಹೇಳೋಕೆ ಒಂದೇ ಒಂದು ಮಾತು ಬೇಕು. ಎಂಟು ವರ್ಷ ಅವಳಿಗೆ. ಶತ್ರುಗಳು ಹೊಡೆದ್ರು ಅಂತ ನಾನೇ ಹೇಳಿದೀನಿ, ನಿಮ್ಮ ಪೇಪರ್ ನೋಡಿ. ಇವತ್ತು ಒಂದು, ನಾಳೆ ಇನ್ನೊಂದು ಅಂತ ಹೇಳೋಕಾಗುತ್ತಾ?’

‘ತಿದ್ದುಪಡಿ ಬೇಡ ಅಂದ್ರೆ ಹಾಕಲ್ಲ,’ ಎಂದೆ.

ಮೇಲೆ ಒಂದು ರೈಲು ಬಂದು ನಿಂತು ಹೋಯಿತು.

‘ನಮ್ ಲ್ಯಾಬಲ್ಲಿ ರಿಪೋರ್ಟ್ ಬರೋ ಮುಂಚೆ ಪೇಷಂಟ್‌ಗೆ ಏನೂ ಹೇಳಲ್ಲ. ಅವರು ಅತ್ತರೂ ಹೇಳಲ್ಲ. ಹೇಳಿದ್ರೆ ಕೆಲಸದಿಂದ ತೆಗೀತಾರೆ. ನೀವ್ ಯಾಕೆ ಹೇಳಿದ್ರಿ?’

‘ಯಾಕೆ ಅಂತ ಏನೂ ಇಲ್ಲ. ನೋಡಲಿಲ್ಲ.’

ಅವರು ತಲೆಯಾಡಿಸಿದರು. ಒಪ್ಪಿದ್ದೋ, ಸಾಕು ಎಂದದ್ದೋ ತಿಳಿಯಲಿಲ್ಲ. ‘ಹಾಕಿ. ನಿಮ್ ತಪ್ಪು ಅಂತ ಹಾಕಿ. ನಾವು ಬಂದು ಕೇಳಿದ್ವಿ ಅಂತ ಹಾಕ್ಬೇಡಿ.’

ಮರುದಿನ ಮಧ್ಯಾಹ್ನ ಬರೆದೆ. ಸಂಪಾದಕರು ‘ಸ್ಪಷ್ಟನೆ’ ಎಂಬ ತಲೆಬರಹದಲ್ಲಿ ಆರನೇ ಪುಟಕ್ಕೆ ಹಾಕಿ ಎಂದಿದ್ದರು. ನಾವು ತಪ್ಪುಗಳನ್ನು ಒಪ್ಪಿಕೊಳ್ಳುವುದು ಆರನೇ ಪುಟದ ಕೆಳಗಡೆ, ಹವಾಮಾನದ ಪಕ್ಕದಲ್ಲಿ. ಮೂಲ ವರದಿ ಬಂದಿದ್ದು ಮುಖಪುಟದ ಎಡಭಾಗದಲ್ಲಿ. ನಾನು ಮುಖಪುಟದ ಎಡಭಾಗದಲ್ಲಿ ಒಂದು ಅಂಕಣ ಬಿಡಿಸಿ ಅಲ್ಲಿಟ್ಟೆ, ‘ತಿದ್ದುಪಡಿ’ ಎಂದು ತಲೆಬರಹ ಕೊಟ್ಟು ಅವರ ಕೋಣೆಗೆ ಪ್ರತಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಅದು ಸಹಿಯೊಂದಿಗೆ ವಾಪಸು ಬಂತು. ಏನೂ ಬರೆದಿರಲಿಲ್ಲ.

ಇದ್ದದ್ದು ಇಷ್ಟು: ಉಲ್ಲಾಳದ ಹವಾಲ್ದಾರರು ಶತ್ರುಗಳ ಶೆಲ್ ದಾಳಿಯಲ್ಲಿ ಮೃತಪಟ್ಟರೆಂದು ವರದಿ ಮಾಡಲಾಗಿತ್ತು. ಸೇನೆಯ ಪ್ರಕಟಣೆಯಲ್ಲಿ ಹಾಗೆ ಇರಲಿಲ್ಲ. ಪತ್ರಿಕೆಯ ಬಳಿ ಬೇರೆ ಆಧಾರವೂ ಇರಲಿಲ್ಲ. ತನಿಖೆ ನಡೆಯುತ್ತಿದೆ ಎಂದು ಸೇನೆಯ ವಕ್ತಾರರು ತಿಳಿಸಿದ್ದಾರೆ. ಅಂತ್ಯಕ್ರಿಯೆ ಲಿಂಗಾಯತ ವಿಧಿಯಂತೆ ನಡೆಯಿತು ಎಂಬುದೂ ಸರಿಯಲ್ಲ. ಪೆಟ್ಟಿಗೆ ತೆರೆಯಲು ಅವಕಾಶವಿಲ್ಲದ್ದರಿಂದ ಅವರನ್ನು ಮಲಗಿಸಿ ಹೂಳಲಾಯಿತು. ಅವರ ವಯಸ್ಸು ಮೂವತ್ತೊಂದು. ತಪ್ಪು ಸುದ್ದಿಮನೆಯದು.

ಬೆಳಿಗ್ಗೆ ಎಂಟಕ್ಕೆ ಫೋನು ಶುರುವಾಯಿತು. ಮೊದಲ ಕರೆ ಉಲ್ಲಾಳದ ಬಡಾವಣೆ ಸಂಘದ ಅಧ್ಯಕ್ಷರದು. ಹಾರ್ಡ್‌ವೇರ್ ಅಂಗಡಿಯವರು. ‘ಮೇಡಂ, ನಾವ್ ನಿಮ್ ಪೇಪರ್ ನೋಡೇ ಮೇನ್ ರೋಡಲ್ಲಿ ಫ್ಲೆಕ್ಸ್ ಹಾಕ್ಸಿದ್ದು. ಪಾರ್ಕಲ್ಲಿ ಇಡೋಕೆ ಕಲ್ಲೂ ಕೆತ್ತಿಸಿಬಿಟ್ಟಿದೀವಿ, ಶತ್ರುಗಳ ಶೆಲ್‌ಗೆ ಎದೆಯೊಡ್ಡಿದ ಅಂತ. ಈಗ ಕಲ್ಲನ್ನ ಏನ್ ಮಾಡ್ಲಿ ಹೇಳಿ? ರಬ್ಬರ್ ತಗೊಂಡ್ ಉಜ್ಜಲಾ?’

ಮುಂದಿನ ಕರೆ ಬಂತು, ತೆಗೆದುಕೊಂಡೆ.

ಸಂಜೆ ಐದಕ್ಕೆ ಅದೇ ವಾಹಿನಿ ಆರು ಜನರನ್ನು ಕೂರಿಸಿ ಈ ಪತ್ರಿಕೆ ಯಾರ ಕಡೆ ಎಂದು ಕೇಳಿತು. ಕೆಂಪು ಶೆಲ್ ಮತ್ತೆ ಹಾರಿತು. ಅವರು ತಮ್ಮ ಅನಿಮೇಷನ್ ಎಲ್ಲಿಂದ ಬಂತೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕೆಂಗೇರಿಯ ಏಜೆಂಟರು ಪತ್ರಿಕೆಯ ಕಟ್ಟುಗಳು ಬಿಚ್ಚದೆ ವಾಪಸು ಬಂದವೆಂದರು. ಇವೆಲ್ಲ ನಾವು ನಿರೀಕ್ಷಿಸಿದ್ದವು, ನಮಗೆ ತಾಳಿಕೊಳ್ಳಲು ಬರುವಂಥವು.

ನಾವು ಕುಟುಂಬದ ಹೆಸರು ಎತ್ತಿರಲಿಲ್ಲ. ಆದರೆ ಕಲ್ಲಿನ ಅನಾವರಣಕ್ಕೆ ಕರೆಯಲು ಹೋದ ಸಂಘದವರಿಗೆ ತಂದೆ, ಆ ಸಾಲು ಮುಚ್ಚಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಅಷ್ಟು ಸಾಕಾಯಿತು. ಮೈಕು ಹಿಡಿದ ಒಬ್ಬಳು ಗೇಟಿನಲ್ಲಿ ನಿಂತು, ನಮ್ಮ ಸೇನೆಯ ಮೇಲೆ ಆರೋಪ ಮಾಡ್ತಿದೀರಾ ಎಂದು ಸೊಸೆಯನ್ನು ಕೇಳಿದಳು. ಸೊಸೆ ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲನ್ನು ವಾಹಿನಿ ಹನ್ನೆರಡು ಸಲ ತೋರಿಸಿತು. ಪಾರ್ಕಿನಲ್ಲಿ ದಿನಾ ಜೊತೆಗೆ ನಡೆಯುತ್ತಿದ್ದವರೊಬ್ಬರು ತಂದೆಗೆ, ‘ಮಗನ ಹೆಸರು ಯಾಕ್ ಸ್ವಾಮಿ ಹಾಳು ಮಾಡ್ತೀರಾ?’ ಎಂದರಂತೆ. ಅವರು ಪಾರ್ಕಿಗೆ ಹೋಗುವುದನ್ನು ಬಿಟ್ಟರು. ವರದಿಗಾರ ಇದನ್ನೆಲ್ಲ ಬಂದು ಹೇಳುತ್ತಿದ್ದ. ನಾನು ಕೇಳಿ, ಮುಂದಿನ ಪುಟ ತೆರೆಯುತ್ತಿದ್ದೆ. ಒಂದು ಸಲ ಮಾತ್ರ ತಂದೆಗೆ ಫೋನು ಮಾಡಿದೆ.

‘ಹಾಕಬಾರದಿತ್ತೇನೋ,’ ಎಂದೆ.

‘ಯಾಕ್ರಿ? ಕಲಂ ಖಾಲಿ ಆತಲ್ಲ,’ ಎಂದರು. ‘ನಾ ಈಗ ಮಾಳಗಿ ಮ್ಯಾಲೇ ಅಡ್ಡಾಡ್ತೀನ್ರಿ. ಗಾಳಿ ಚಲೋ ಬರತೈತಿ.’

ಗಡಿಯಲ್ಲಿ ಸದ್ದು ನಿಂತಿತು. ಪುಟಗಳು ಬೇರೆ ಸುದ್ದಿಗಳಿಂದ ತುಂಬಿದವು. ಕಲ್ಲು ಪಾರ್ಕಿನ ಪಂಪ್‌ಹೌಸಿನ ಗೋಡೆಗೆ ಮುಖ ಮಾಡಿ ನಿಂತಿತ್ತು, ಗೋಣಿಚೀಲ ಹೊದ್ದು.

ಏಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾವ ಸೊಸೆ ಇಬ್ಬರೂ ಕಚೇರಿಗೆ ಬಂದರು. ಸೊಸೆಯ ಹೆಸರಿಗೆ ಸೇನೆಯಿಂದ ಬಂದ ಪತ್ರ, ಇಂಗ್ಲಿಷಿನಲ್ಲಿ ಎರಡು ಪುಟ. ಮೊದಲ ಪುಟದಲ್ಲಿ ಸಂತಾಪ, ಸೇವೆ, ಗೌರವ. ಅವರಿಗೆ ಸಲ್ಲುವ ಗೌರವದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ ಎಂಬ ಮಾತು. ಎರಡನೇ ಪುಟದಲ್ಲಿ ಒಂದು ಪ್ಯಾರಾ. ನಾನು ಅದನ್ನು ಮೂರು ಸಲ ಓದಿ, ತಂದೆಗೆ ಕನ್ನಡದಲ್ಲಿ ಹೇಳಿದೆ. ಘಟನೆಗೆ ಎರಡು ದಿನ ಮೊದಲು ನೆಲೆಯನ್ನು ಮುಂದಿನ ದಿಬ್ಬಕ್ಕೆ ಬದಲಿಸಲಾಗಿತ್ತು. ಹಿಂಬದಿಯಲ್ಲಿದ್ದ ನಮ್ಮ ಮಾರ್ಟರ್ ತಂಡದ ನಕ್ಷೆಯಲ್ಲಿ ಹಳೆಯ ಗುರುತೇ ಉಳಿದಿತ್ತು. ಆ ದಿಬ್ಬದ ಮೇಲೆ ಓಡಾಟ ಕಂಡು ಅವರು ಶತ್ರುಗಳೆಂದುಕೊಂಡರು. ಶೆಲ್ ನಮ್ಮದು.

‘ಇನ್ನೊಂದ್ ಸರ್ತಿ ಹೇಳ್ರಿ. ನಕ್ಷೆದ್ದು,’ ಎಂದರು ತಂದೆ.

‘ಹಳೆಯ ಗುರುತು ಯಾರೂ ಅಳಿಸಿರಲಿಲ್ಲ.’

ಅವರು ನನ್ನನ್ನು ನೋಡಿದರು. ‘ನೀವೂ ಹಿಂಗ ಏನೋ ಹೇಳಿದ್ರಿ ಅಲ್ರಿ ಅವತ್ತು.’

‘ಹೌದು,’ ಎಂದೆ.

ಅವರು ಫೈಲಿನ ದಾರ ಬಿಚ್ಚಿ, ಪತ್ರದ ನಕಲನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಕಟ್ಟಿದರು.

‘ಹಾಕ್ತೀರಾ?’ ಸೊಸೆ ಕೇಳಿದರು.

‘ನೀವು ಹೇಳಿದ್ರೆ.’

‘ಹಾಕಿ. ಆದ್ರೆ ಇವತ್ತು ಬೇಡ. ನಾಳೆ ಶನಿವಾರ, ಅವಳಿಗೆ ಅರ್ಧ ದಿನ ಸ್ಕೂಲು. ನಾನು ಮೊದ್ಲು ಹೇಳ್ಬೇಕು. ನನ್ನ ಬಾಯಿಂದ ಕೇಳಿದ್ಮೇಲೆ ಪೇಪರಲ್ಲಿ ಬರ್ಲಿ. ಹೋದ್ ಸಲ ಉಲ್ಟಾ ಆಯ್ತು.’

ಸುದ್ದಿಮನೆಯಲ್ಲಿ ಕೈಗೆ ಬಂದ ಸುದ್ದಿಯನ್ನು ಯಾರೂ ತಡೆಯುವುದಿಲ್ಲ. ಅವರು ಹೋದ ಮೇಲೆ ಸಂಪಾದಕರಿಗೆ ಹೇಳಿದೆ.

‘ಬೇರೆಯವರಿಗೆ ಸಿಕ್ಕಿ, ಅವರು ಮೊದಲು ಹಾಕಿದ್ರೆ?’

‘ಹಾಕ್ಲಿ ಸಾರ್.’

‘ಏಳು ತಿಂಗಳು ಬೈಸಿಕೊಂಡಿದೀವಿ ಕಣ್ರಿ ಇದಕ್ಕೆ.’

‘ಅವರೂ ಬೈಸಿಕೊಂಡಿದಾರೆ.’

ಅವರು ಕ್ಯಾಲೆಂಡರ್ ಕಡೆ ನೋಡಿದರು. ‘ನಾಳೆ ಸಂಜೆ ಐದು. ಅದಕ್ಕಿಂತ ಆಚೆ ಆಗಲ್ಲ.’

ಶನಿವಾರ ಮಧ್ಯಾಹ್ನ ಮೂರು ಪ್ಯಾರಾ ಬರೆದೆ. ಅಚ್ಚು ತೆರೆಯಲಿಲ್ಲ. ಬರಿಯ ಪುಟದಲ್ಲಿ ಟೈಪ್ ಮಾಡಿದೆ. ಪತ್ರದಲ್ಲಿ ಇದ್ದದ್ದಕ್ಕಿಂತ ಒಂದು ಪದ ಹೆಚ್ಚಿಲ್ಲ ಎಂದು ವರದಿಗಾರನಿಂದಲೂ ಓದಿಸಿದೆ. ಪುಟದ ನಕಾಶೆಯ ಕಾಗದದಲ್ಲಿ ಆ ಜಾಗವನ್ನು ಚೌಕ ಮಾಡಿ ಬಿಟ್ಟೆ.

‘ಇಲ್ಲೇನ್ ಬರುತ್ತೆ ಮೇಡಂ, ಜಾಹೀರಾತು ತಗೊಳ್ಲಾ?’ ಎಂದು ಪುಟವಿನ್ಯಾಸದವರು ಕೇಳಿದರು.

ಚೌಕದೊಳಗೆ ಪೆನ್ಸಿಲಿನಲ್ಲಿ ‘ಬಾಕಿ’ ಎಂದು ಬರೆದು ಕೊಟ್ಟೆ.

ನಾಲ್ಕೂ ಐವತ್ತಕ್ಕೆ ಫೋನಿಗೆ ಸೊಸೆಯ ಸಂದೇಶ ಬಂತು. ‘ಹೇಳಿದೆ.’ ಆಮೇಲೆ ಇನ್ನೊಂದು ಸಾಲು.

‘ಅಲ್ಲಿದ್ದಿದ್ದು ಅಪ್ಪ ಅಂತ ಆ ಶೆಲ್ ಹಾರಿಸಿದ ಅಂಕಲ್‌ಗೆ ಆಮೇಲೆ ಯಾರು ಹೇಳಿದ್ರು ಅಂತ ಕೇಳ್ತಿದಾಳೆ.’

ನಾನು ಪತ್ರದ ಎರಡನೇ ಪುಟವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಮಾರ್ಟರ್ ತಂಡದ ಬಗ್ಗೆ ಅಲ್ಲಿ ಬೇರೇನೂ ಇರಲಿಲ್ಲ. ನಮ್ಮ ಮೂರು ಪ್ಯಾರಾಗಳಲ್ಲೂ ಇರಲಿಲ್ಲ. ‘ಗೊತ್ತಿಲ್ಲ’ ಎಂದು ಉತ್ತರ ಕಳಿಸಿ, ಐದಕ್ಕೆ ಎರಡು ನಿಮಿಷ ಇರುವಾಗ ಪುಟವನ್ನು ಮುದ್ರಣಕ್ಕೆ ಬಿಟ್ಟೆ.